ಷಡಕ್ಷರಯ್ಯನವರ ಬ್ಯಾಟರಿ ಮೀಟರು

ನಮ್ಮೂರಿನ ಪೆಟ್ರೋಲ್ ಬಂಕಿನ ಚಿಕ್ಕೀರಯ್ಯ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿ ದೇವರಲ್ಲಿ ಬೇಡಿಕೊಳ್ಳುವುದು ಒಂದನ್ನೇ: ಊರಿನ ಜನ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವಂತಾಗಲಿ. ಅವನಿಗೆ ಲೋಕವನ್ನು ಉದ್ಧಾರ ಮಾಡುವ ಹುಚ್ಚೇನೂ ಇಲ್ಲ. ನಮ್ಮಲ್ಲಿ ಇರುವುದೆಲ್ಲ ಹೈಬ್ರಿಡ್ ಕಾರುಗಳು. ಬ್ಯಾಟರಿ ಇಳಿದರೆ ಮಾತ್ರ ಪೆಟ್ರೋಲಿನ ಎಂಜಿನ್ ಎದ್ದೇಳುತ್ತದೆ. ಬೇರೆ ಊರುಗಳಲ್ಲಿ ಬ್ರೇಕ್ ಒತ್ತಿದಾಗ ಬ್ಯಾಟರಿ ತುಂಬುತ್ತದಂತೆ. ನಮ್ಮಲ್ಲಿ ಕಾರಿನೊಳಗೆ ಕೂತವರು ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡಾಗಲೂ ತುಂಬುತ್ತದೆ. ನುಂಗಿದ್ದನ್ನು ಹೇಳಿಬಿಟ್ಟರೆ ಸರ್ರನೆ ಇಳಿಯುತ್ತದೆ. ಹೀಗಾಗಿ ಅತ್ತೆ ಸೊಸೆ ಒಟ್ಟಿಗೆ ಓಡಾಡುವ ಮನೆಯವರು ವರ್ಷಗಟ್ಟಲೆ ಬಂಕಿನ ಕಡೆ ತಲೆ ಹಾಕುವುದಿಲ್ಲ. ಚಿಕ್ಕೀರಯ್ಯ ಬಂಕಿನ ಮುಂದೆ ‘ಹೇಳಿಬಿಡಿ’ ಎಂದು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿ ಹಾಕಿದ್ದಾನೆ. ಅದನ್ನು ಓದಿದ ಜನ ಒಂದು ನಗು ನಕ್ಕು, ಹೇಳಬೇಕೆಂದಿದ್ದನ್ನು ಇನ್ನೊಮ್ಮೆ ನುಂಗಿಕೊಂಡು ಮುಂದೆ ಹೋಗುತ್ತಾರೆ.

ನನ್ನ ಕಸುಬು ಈ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಮೀಟರುಗಳನ್ನು ಕೂರಿಸುವುದು. ಹೆಸರು ಸೋಮಲಿಂಗ, ಊರಿನವರ ಬಾಯಲ್ಲಿ ಮುಳ್ಳಿನ ಸೋಮಲಿಂಗ. ಕಾರು ಕಂಪನಿಯಿಂದ ಬರುವಾಗ ಸ್ಟೀರಿಂಗಿನ ಹಿಂದೆ ವೇಗದ ಮೀಟರು, ಅದರ ಎಡಕ್ಕೆ ‘ಚಾರ್ಜ್’ ಮತ್ತು ‘ಪವರ್’ ನಡುವೆ ಓಲಾಡುವ ಮುಳ್ಳು, ಬಲಕ್ಕೆ ಪೆಟ್ರೋಲು, ಕೆಳಗೆಲ್ಲೋ ಚಿಕ್ಕದಾಗಿ ಬ್ಯಾಟರಿ ಎಂಬ ಕ್ರಮದಲ್ಲಿ ಬರುತ್ತದೆ. ಆ ಕ್ರಮ ಮಾಡಿದವರು ಬಹಳ ಓದಿದವರೇ ಇರಬೇಕು, ಆದರೆ ನಮ್ಮೂರಿನಲ್ಲಿ ಸಂಸಾರ ಮಾಡಿದವರಲ್ಲ. ಇಲ್ಲಿ ಎಲ್ಲರ ಕಣ್ಣೂ ಬ್ಯಾಟರಿ ಮೀಟರಿನ ಮೇಲೆ. ಹೊಸದಾಗಿ ಮದುವೆಯಾದವರು ಅದನ್ನು ಕಾರಿನ ನಟ್ಟನಡುವೆ, ಇಬ್ಬರಿಗೂ ಕಾಣುವ ಹಾಗೆ ಇಡಿಸುತ್ತಾರೆ. ತಮ್ಮಲ್ಲಿ ಮುಚ್ಚುಮರೆಯಿಲ್ಲ ಎಂಬುದಕ್ಕೆ. ಮೂರನೆಯ ವರ್ಷಕ್ಕೆ ಗಂಡ ಒಬ್ಬನೇ ಬಂದು, “ಬಿಸಿಲಿಗೆ ಹೊಳೀತದೆ ಕಣೋ, ಸ್ವಲ್ಪ ಈ ಕಡೆ ತಗೊ” ಎನ್ನುತ್ತಾನೆ. ಈ ಕಡೆ ಎಂದರೆ ಬಲಗಡೆ, ಬಾಗಿಲ ಪಕ್ಕದ ಮೂಲೆ. ಪಕ್ಕದ ಸೀಟಿನವರು ಕತ್ತು ಚಾಚಿದರೂ ಕಾಣದ ಜಾಗ. ಹೆಂಡತಿ ಓಡಿಸುವ ಮನೆಯಾದರೆ ಹೆಂಡತಿ ಬರುತ್ತಾಳೆ, ನೆಪ ಮಾತ್ರ ಅದೇ ಬಿಸಿಲು. ಮೀಟರು ಮೂಲೆಗೆ ಹೋಯಿತೆಂದರೆ ಮನೆಯಲ್ಲಿ ಏನೋ ಬಚ್ಚಿಟ್ಟಿದ್ದಾರೆ ಎಂದೂ, ಮೂಲೆಯಿಂದ ಒಳಕ್ಕೆ ಬಂತೆಂದರೆ ಮನಸ್ಸು ತೆರೆಯುತ್ತಿದೆ ಎಂದೂ ಊರು ಓದಿಕೊಳ್ಳುತ್ತದೆ. ಜಾತಕವನ್ನಾದರೂ ನಂಬದವರಿದ್ದಾರೆ, ಇದನ್ನು ನಂಬದವರಿಲ್ಲ.

ನನಗೆ ಈ ಕೆಲಸ ಕಲಿಸಿದ ಅಪ್ಪ ಒಂದು ನಿಯಮವನ್ನೂ ಕಲಿಸಿದ್ದರು. ಮೀಟರು ಕೂರಿಸುವವನು ಮೀಟರಿನ ಜಾಗ ನೋಡಬೇಕು, ಮುಳ್ಳನ್ನು ನೋಡಬಾರದು. ನೋಡಿದರೂ ನೋಡಿದೆ ಅನ್ನಬಾರದು. “ಕ್ಷೌರದವನೂ ನಾವೂ ಬಾಯಿ ಬಿಟ್ಟ ದಿನ ಊರು ಖಾಲಿ” ಎನ್ನುತ್ತಿದ್ದರು. ಊರಿಗೂ ಒಂದು ನಿಯಮವಿದೆ. ಬ್ಯಾಟರಿ ಪೂರ್ತಿ ಇಳಿದು, ಟ್ಯಾಂಕೂ ಒಣಗಿ ಯಾವುದಾದರೂ ಕಾರು ನಡುರಸ್ತೆಯಲ್ಲಿ ನಿಂತರೆ, ಒಳಗೆ ಯಾರೋ ಯಾರಿಗೋ ಎಲ್ಲ ಹೇಳಿ ಮುಗಿಸಿದ್ದಾರೆ ಎಂದು ಅರ್ಥ. ಆಗ ಯಾರೂ ಹಾರ್ನ್ ಮಾಡಕೂಡದು. ದಾರಿಯಲ್ಲಿ ಹೋಗುತ್ತಿರುವವರು ಕೈಚೀಲ ಕೆಳಗಿಟ್ಟು ಬಂದು, ಕಾರಿಗೆ ಕೈ ಕೊಟ್ಟು, ಮುಖ ಆಚೆ ತಿರುಗಿಸಿಕೊಂಡು ಬಂಕಿನವರೆಗೂ ತಳ್ಳಬೇಕು. ಏನಾಯಿತು ಎಂದು ಕೇಳುವ ಹಾಗಿಲ್ಲ.

ಅಂಗಡಿ ನನ್ನ ಕೈಗೆ ಬಂದ ಮೇಲೆ ಷಡಕ್ಷರಯ್ಯನವರು ಮೊದಲ ಸಲ ಬಂದದ್ದು ಎರಡೂವರೆ ವರ್ಷದ ಹಿಂದೆ. ಅವರು ಸರ್ವೇಯರ್ ಆಗಿದ್ದವರು, ನಿವೃತ್ತರು. ಸರಪಳಿ ಎಳೆಯದೆ, ಬದುವಿನ ಮೇಲೆ ನಿಂತು ಒಂದು ಸಲ ಆ ಕಡೆ ಈ ಕಡೆ ನೋಡಿ ಹೊಲದ ಅಳತೆ ಹೇಳುತ್ತಿದ್ದರು. ಆಮೇಲೆ ಸರಪಳಿ ಎಳೆದರೆ ತಪ್ಪು ಸರಪಳಿಯದೇ ಇರುತ್ತಿತ್ತು. ಅವರ ಹೆಂಡತಿ ಚಂಪಕಮ್ಮ ಕಾಲುವೆಯಾಚೆಯ ಶಿಶುವಿಹಾರದಲ್ಲಿ ಟೀಚರು. ಮಕ್ಕಳಿಲ್ಲ. ಬೆಳಿಗ್ಗೆ ಎಂಟೂವರೆಗೆ ಷಡಕ್ಷರಯ್ಯನವರು ಹೆಂಡತಿಯನ್ನು ಕೂರಿಸಿಕೊಂಡು ಪೇಟೆ ಬೀದಿ ದಾಟಿ, ಕಾಲುವೆಯ ಸೇತುವೆ ಹತ್ತಿ ಇಳಿದು ಬಿಟ್ಟು ಬರುತ್ತಾರೆ. ಹನ್ನೆರಡು ನಿಮಿಷದ ದಾರಿ.

ಅವರ ಕಾರಿನ ಬ್ಯಾಟರಿ ಮೀಟರನ್ನು ಬಲಮೂಲೆಗೆ ಕೂರಿಸಿದ್ದು ಅಪ್ಪನ ಕಾಲದಲ್ಲಿ. ಅಂದು ಅವರು ಬಂದು, “ಸೋಮಲಿಂಗ, ಇದನ್ನ ನಾಲ್ಕು ಬೆರಳು ಒಳಕ್ಕೆ ತಗೋಪ್ಪ” ಎಂದರು. ನನಗೆ ಖುಷಿಯಾಯಿತು. ರಟ್ಟಿನ ಮೇಲೆ ಡ್ಯಾಶ್‌ಬೋರ್ಡಿನ ಅಚ್ಚು ತೆಗೆದು, ಎಲ್ಲಿ ತೂತು ಬರಬೇಕೋ ಅಲ್ಲಿ ದುಂಡಗೆ ಕತ್ತರಿಸಿ, ಆ ಅಳತೆಗೆ ಕೂರಿಸಿಕೊಟ್ಟೆ. ಆರು ತಿಂಗಳಿಗೆ ಮತ್ತೆ ಬಂದರು. ಇನ್ನೂ ನಾಲ್ಕು ಬೆರಳು. ಮೂರನೆಯ ಸಲ ಪೆಟ್ರೋಲಿನ ಮೀಟರನ್ನೂ ಒಳಕ್ಕೆ ಸರಿಸು ಎಂದರು. ನಾಲ್ಕನೆಯ ಸಲಕ್ಕೆ ಬ್ಯಾಟರಿ ಮೀಟರು ಬಾಗಿಲ ಸಹವಾಸವನ್ನೇ ಬಿಟ್ಟು ಸ್ಟೀರಿಂಗಿನ ಪಕ್ಕಕ್ಕೆ ಬಂದಿತ್ತು. ಊರು ಗಮನಿಸದೆ ಇರುತ್ತದೆಯೇ? ಅರವತ್ತೈದರ ಹತ್ತಿರ ಬಂದು ಷಡಕ್ಷರಯ್ಯನವರು ಹೆಂಡತಿಗೆ ಮನಸ್ಸು ಬಿಚ್ಚುತ್ತಿದ್ದಾರೆ ಎಂದು ಹೋಟೆಲಿನಲ್ಲಿ ಮಾತಾಯಿತು. ಚಂಪಕಮ್ಮನವರಿಗೂ ವಯಸ್ಸಾದ ಮೇಲೆ ಬಾಯಿ ಬಂದಿದೆ, ಕಾರಿನಲ್ಲಿ ದಾರಿಯುದ್ದಕ್ಕೂ ಹರಟುತ್ತಾರೆ, ಎಮ್ಮೆ ನೋಡಿದರೂ ಮಾತು, ಸೈಕಲ್ ನೋಡಿದರೂ ಮಾತು ಎಂದು ಇನ್ನೊಬ್ಬರು ಸೇರಿಸಿದರು. ನಾನಂತೂ ಒಂದು ದಿನ ತರಕಾರಿ ಅಂಗಡಿಯಲ್ಲಿ ಅವರು ಸಿಕ್ಕಾಗ ತಡೆಯಲಾರದೆ, “ಮೀಟರು ನಿಮ್ಮ ಕಡೇಗೇ ಬರ್ತಾ ಇದೆ ಅಮ್ಮಾ” ಎಂದುಬಿಟ್ಟೆ. ಅವರು ಬದನೆಕಾಯಿ ಆರಿಸುತ್ತಲೇ, “ಬರಲಿ ಬಿಡಪ್ಪ. ನಿಧಾನಕ್ಕೇ ಬರಲಿ” ಎಂದರು.

ಒಂದು ವಿಷಯ ಮಾತ್ರ ನನಗೆ ಸರಿಹೋಗಿರಲಿಲ್ಲ. ಸಲ ಸಲಕ್ಕೂ ಮೀಟರು ಒಳಕ್ಕೆ ಬರುತ್ತಿತ್ತು, ಮುಳ್ಳು ಸಲ ಸಲಕ್ಕೂ ಮೇಲಕ್ಕೆ ಹೋಗುತ್ತಿತ್ತು. ಮನಸ್ಸು ಬಿಚ್ಚಿದವರ ಮುಳ್ಳು ಇಳಿಯಬೇಕಲ್ಲ. ಆದರೆ ನಾನು ಮುಳ್ಳು ನೋಡದವನು. ಹಾಗಾಗಿ ಅದರ ಬಗ್ಗೆ ಯೋಚಿಸುವ ಕಷ್ಟವೂ ನನಗಿರಲಿಲ್ಲ.

ಐದನೆಯ ಸಲ ಅವರು ಬಂದದ್ದು ಹೋದ ಮಾಘದಲ್ಲಿ. ಕಾರನ್ನು ಅಂಗಡಿಯ ಮುಂದೆ ನಿಲ್ಲಿಸುವಾಗ ನನ್ನ ಬಲಗಡೆಯ ಡ್ರಮ್ಮಿಗೆ ಸವರಿಕೊಂಡೇ ನಿಲ್ಲಿಸಿದರು. “ನಿನ್ನ ಡ್ರಮ್ಮು ನಿನ್ನೆ ಇಲ್ಲಿರಲಿಲ್ಲ” ಎಂದರು. ಆ ಡ್ರಮ್ಮು ಅಪ್ಪ ಇಟ್ಟದ್ದು. ಬೆಂಚಿನ ಮೇಲೆ ಕೂತು, ಎಲ್ಲ ಮೀಟರುಗಳನ್ನೂ ಸ್ಟೀರಿಂಗಿನ ಹಿಂದೆ ಒಂದು ಅಂಗೈಯಷ್ಟು ಜಾಗದಲ್ಲಿ ಕೂರಿಸಬೇಕು ಎಂದರು. ವೇಗ, ಪೆಟ್ರೋಲು, ಬ್ಯಾಟರಿ, ಚಾರ್ಜು ಎಲ್ಲ ಒಟ್ಟಿಗೆ.

“ಒಂದರ ಮೇಲೊಂದು ಬೀಳ್ತವಲ್ಲ ಸಾರ್. ಪಕ್ಕದಲ್ಲಿ ಇಷ್ಟೊಂದು ಜಾಗ ಇದೆ.”

“ಜಾಗ ಇದೆ ಅಂತ ಮನೆ ತುಂಬ ಚೆಲ್ಲಾಡ್ಕೊಂಡು ಕೂರ್ತಾರೇನೋ. ಮಾಡು.”

ಹೋಟೆಲಿನಿಂದ ಟೀ ಬಂತು. ಅವರ ಲೋಟವನ್ನು ಬೆಂಚಿನ ಮೇಲೆ, ಅವರ ಬಲಮೊಣಕೈಯ ಪಕ್ಕದಲ್ಲಿ ಇಟ್ಟೆ. ಅವರು ಮಾತಾಡುತ್ತಾ ಇದ್ದರು. ಸ್ವಲ್ಪ ಹೊತ್ತಾದ ಮೇಲೆ, “ಟೀ ಹೇಳಿದ್ದೆಯಲ್ಲ, ಎಲ್ಲಯ್ಯಾ?” ಎಂದರು. ಲೋಟದಿಂದ ಹಬೆ ಏಳುತ್ತಿತ್ತು. ನಾನು ಎತ್ತಿ ಅವರ ಎದುರಿಗೆ ಹಿಡಿದೆ. “ಹಾಂ” ಎಂದು ತೆಗೆದುಕೊಂಡು ಕುಡಿದು, ಸಂಜೆ ಬರುತ್ತೇನೆಂದು ವಾಚನಾಲಯದ ಕಡೆ ನಡೆದರು. ಗೋಡೆಯನ್ನು ಬೆರಳಿನಿಂದ ಸವರುತ್ತಾ ನಡೆಯುತ್ತಿದ್ದರು.

ನಾನು ಮೊಳೆಗೆ ಸಿಕ್ಕಿಸಿದ್ದ ಹಳೆಯ ರಟ್ಟುಗಳನ್ನು ತೆಗೆದೆ. ಅಪ್ಪ ಕತ್ತರಿಸಿದ್ದು ಒಂದು, ನಾನು ಕತ್ತರಿಸಿದ್ದು ನಾಲ್ಕು. ಐದನ್ನೂ ನೆಲದ ಮೇಲೆ ಒಂದರ ಕೆಳಗೊಂದು ಹಾಸಿದೆ. ಬಿಡಿಬಿಡಿಯಾಗಿ ನೋಡಿದಾಗ ಮೀಟರು ಹೆಂಡತಿಯ ಕಡೆಗೆ ನಡೆದುಬರುತ್ತಿದೆ ಎನ್ನಿಸಿತ್ತು. ಒಟ್ಟಿಗೆ ನೋಡಿದಾಗ ಹಾಗಿರಲಿಲ್ಲ. ಬಲಗಡೆಯ ತೂತುಗಳು ಎಡಕ್ಕೆ ಬರುತ್ತಿದ್ದ ಹಾಗೆಯೇ ಎಡಗಡೆಯ ಚಾರ್ಜ್ ಮುಳ್ಳಿನ ತೂತೂ ಬಲಕ್ಕೆ ಬಂದಿತ್ತು. ಅದನ್ನೂ ಅವರು ಬೆರಳು ಬೆರಳಾಗಿ ಸರಿಸಿಸಿದ್ದರು, ನಾನೇ ಸರಿಸಿದ್ದೆ. ಎಲ್ಲವೂ ಎರಡೂ ಕಡೆಯಿಂದ ಒಂದು ಕಿಂಡಿಯೊಳಕ್ಕೆ ನುಗ್ಗುತ್ತಿದ್ದವು, ಬಾಗಿಲು ಹಾಕುವ ಮುಂಚೆ ಒಳಗೆ ಸೇರಿಕೊಳ್ಳಲು ಓಡುವ ಕೋಳಿಮರಿಗಳ ಹಾಗೆ. ಆ ಮನುಷ್ಯನಿಗೆ ಬದಿ ಕಾಣುತ್ತಿರಲಿಲ್ಲ. ಎರಡು ವರ್ಷದಿಂದ ಅವರ ಕಣ್ಣು ಅಂಚಿನಿಂದ ಕತ್ತಲಾಗುತ್ತಾ ಬಂದಿತ್ತು, ಅದರ ಲೆಕ್ಕ ನನ್ನ ಅಂಗಡಿಯ ಮೊಳೆಗೆ ನೇತಾಡುತ್ತಿತ್ತು. ನಾನೋ, ದಾಂಪತ್ಯದ ಬಗ್ಗೆ ಸಂತೋಷಪಡುತ್ತಾ ಕತ್ತರಿ ಆಡಿಸಿದ್ದೆ.

ದಿನಾ ಬೆಳಿಗ್ಗೆ ಆ ಕಿಂಡಿಯಲ್ಲಿ ನೋಡಿಕೊಂಡು ಪೇಟೆ ಬೀದಿಯಲ್ಲಿ ಕಾರು ಓಡಿಸುತ್ತಾರೆ, ಆ ತುದಿಯಲ್ಲಿ ಶಿಶುವಿಹಾರದ ಮಕ್ಕಳು. ಹೇಳೋಣವೆಂದರೆ ಅಪ್ಪನ ನಿಯಮ. ಸುಮ್ಮನಿರೋಣವೆಂದರೆ ಆ ಸೇತುವೆ. ಮಧ್ಯಾಹ್ನದ ಊಟವನ್ನೂ ಮಾಡದೆ ಯೋಚಿಸಿ, ಕೊನೆಗೆ ನನಗೆ ಗೊತ್ತಿರುವ ಒಂದೇ ಕೆಲಸ ಮಾಡಿದೆ. ಉಳಿದ ಮೀಟರುಗಳನ್ನು ಅವರು ಹೇಳಿದ ಅಂಗೈಯಷ್ಟು ಜಾಗದಲ್ಲೇ ಕೂರಿಸಿ, ಬ್ಯಾಟರಿ ಮೀಟರೊಂದನ್ನು ಮಾತ್ರ ಕಿತ್ತು, ವೈರನ್ನು ಎಡಕ್ಕೆ ಎಳೆದು, ಚಂಪಕಮ್ಮ ಕೂರುವ ಸೀಟಿನ ಎದುರಿಗೆ ಕೂರಿಸಿದೆ.

ಸಂಜೆ ಷಡಕ್ಷರಯ್ಯನವರು ಬಂದು ಸ್ಟೀರಿಂಗಿನ ಮುಂದೆ ಕೂತರು. ನಾನು ಪಕ್ಕದ ಸೀಟಿನಲ್ಲಿ ಕೂತೆ. ಅವರು ಸ್ವಲ್ಪ ಹೊತ್ತು ಹುಡುಕಿದರು. ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದ ಮೇಲೆ ಕಂಡಿತು.

“ಇದೇನಯ್ಯ. ನಾನು ಹೇಳಿದ್ದೆಲ್ಲಿ, ನೀನು ಇಟ್ಟಿದ್ದೆಲ್ಲಿ?”

“ಕಾಣೋರ ಮುಂದೆ ಇಟ್ಟೆ ಸಾರ್.”

ನನ್ನ ಕಣ್ಣೆದುರಿಗೇ ಮುಳ್ಳು ಮೇಲೆ ಹೋಗಿ ತುದಿಯ ಗುಬುಟಿಗೆ ಟಕ್ಕೆಂದು ತಾಗಿ ನಿಂತಿತು. ಅಂಥ ಶಬ್ದವನ್ನು ನಾನು ಈ ಕಸುಬಿನಲ್ಲಿ ಎರಡೋ ಮೂರೋ ಸಲ ಕೇಳಿದ್ದೇನೆ.

“ಯಾವಾಗ ಗೊತ್ತಾಯ್ತು ನಿನಗೆ?”

“ಇವತ್ತು ಬೆಳಿಗ್ಗೆ. ಎರಡು ವರ್ಷದ ಹಿಂದೆ ಗೊತ್ತಾಗಬೇಕಿತ್ತು.”

“ನಿನಗೆ ಯಾಕೆ ಗೊತ್ತಾಗಬೇಕಿತ್ತು, ನೀನೇನು ಡಾಕ್ಟ್ರೇ. ಡಾಕ್ಟ್ರೇ ತಡವಾಗಿ ಹೇಳಿದ್ರು.” ಅವರು ಒಳಜೇಬಿನಿಂದ ಒಂದು ಚಿಕ್ಕ ಔಷಧಿ ಶೀಷೆ ತೆಗೆದು ತೋರಿಸಿದರು. “ಪಿಂಚಣಿ ಆಫೀಸಿಗೆ ಅಂತ ಮನೇಲಿ ಹೇಳಿ ಅವರ ಹತ್ರ ಹೋಗಿ ಬರ್ತೀನಿ. ಹನಿ ಹಾಕ್ಕೊಂಡ್ರೆ ಇರೋದು ಉಳೀಬಹುದಂತೆ, ಹೋಗಿದ್ದು ಬರಲ್ಲವಂತೆ.”

“ಅಮ್ಮನಿಗೆ?”

“ಅವಳಿಗೆ ಹೇಳಿದ್ರೆ ನಾಳೆಯಿಂದ ಬಸ್ಸು ಹತ್ತಿ ಹೋಗ್ತಾಳೆ. ಕಣ್ಣು ಹೋದ್ರೆ ಹೋಗಲಿ ಸೋಮಲಿಂಗ, ಬೇಕಾದಷ್ಟು ನೋಡಿದೀನಿ. ಈ ಹನ್ನೆರಡು ನಿಮಿಷ ಹೋಗ್ತದಲ್ಲ. ಮೂವತ್ತು ವರ್ಷದಲ್ಲಿ ನಾನು ಅವಳಿಗೆ ಅಂತ ತಪ್ಪದೆ ಮಾಡಿರೋದು ಇದೊಂದೇ.”

ನಾನು ಮುಳ್ಳನ್ನೇ ನೋಡುತ್ತಾ, “ನಾನು ಹೇಳೋದಿಲ್ಲ ಸಾರ್, ಅದು ನಿಮ್ಮ ಮಾತು. ಆದರೆ ಈ ಮೀಟರನ್ನ ಇಲ್ಲಿಂದ ತೆಗೆಯೋದೂ ಇಲ್ಲ” ಎಂದೆ.

ಅವರು ಬಹಳ ಹೊತ್ತು ಸ್ಟೀರಿಂಗನ್ನು ಹೆಬ್ಬೆರಳಿನಿಂದ ಉಜ್ಜಿದರು. ಕೊನೆಗೆ, “ಮನೇಲಿ ಮುಖ ಮುಖ ನೋಡ್ಕೊಂಡು ಹೇಳೋಕಾಗಲ್ಲ. ಕಾರಲ್ಲಾದ್ರೆ ಇಬ್ಬರೂ ಮುಂದೆ ನೋಡ್ತಿರ್ತೀವಿ. ನಾಳೆ ಒಂದು ದಿನ ಓಡಿಸ್ತೀನಿ, ದಾರೀಲಿ ಹೇಳ್ತೀನಿ” ಎಂದರು. ಒಪ್ಪಬಾರದಿತ್ತು. ಆದರೆ ನಾನೊಂದು ಷರತ್ತು ಹಾಕಿದೆ. ಎದುರಿಗಿರುವುದು ಅವರಿಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ನಾನು ಸೈಕಲ್ಲಿನಲ್ಲಿ ಮುಂದೆ ಹೋಗುತ್ತೇನೆ, ನೀವು ನನ್ನ ಬೆನ್ನೊಂದನ್ನೇ ನೋಡಿಕೊಂಡು ಬನ್ನಿ, ನಾನು ನಿಂತರೆ ನಿಲ್ಲಿ ಎಂದೆ. “ಏನು, ಮೆರವಣಿಗೆಯೇ?” ಎಂದು ನಕ್ಕರು. ಆ ಸಂಜೆ ಕಾರನ್ನು ನಾನೇ ಓಡಿಸಿ ಅವರನ್ನು ಮನೆ ಮುಟ್ಟಿಸಿದೆ.

ಮಾರನೆಯ ಬೆಳಿಗ್ಗೆ ದೀಪಾವಳಿಯ ಹಳದಿ ಶರ್ಟು ಹಾಕಿಕೊಂಡು, ಗಂಟೆ ಬಾರಿಸುತ್ತಾ ಪೇಟೆ ಬೀದಿಯಲ್ಲಿ ಹೊರಟೆ. ಹಿಂದೆ ನಾಲ್ಕು ಮಾರು ದೂರದಲ್ಲಿ ಅವರ ಕಾರು. ಹೂವಿನವಳನ್ನು ಪಕ್ಕಕ್ಕೆ ಸರಿಸಿದೆ, ಒಂದು ಎಮ್ಮೆಗೆ ಕೈ ಮುಗಿದೆ, ಕಾಫಿಪುಡಿ ಅಂಗಡಿಯವರು ಯಾರ ಮದುವೆ ಎಂದು ಕೇಳಿದರು. ಸೇತುವೆ ಹತ್ತಿದೆ, ಇಳಿದೆ. ಬ್ಯಾಟರಿಯಲ್ಲಿ ಓಡುವ ಕಾರು ಬಂದರೂ ಶಬ್ದವಿಲ್ಲ, ನಿಂತರೂ ಶಬ್ದವಿಲ್ಲ. ಹೀಗಾಗಿ ಶಿಶುವಿಹಾರದ ಗೇಟಿನವರೆಗೂ ನಾನೊಬ್ಬನೇ ಗಂಟೆ ಬಾರಿಸಿಕೊಂಡು ಹೋದೆ. ಗೇಟಿನಲ್ಲಿದ್ದ ಆಯಾ ನನ್ನ ಶರ್ಟನ್ನು ನೋಡಿ, “ಏನಣ್ಣ, ಸ್ಕೂಲಿಗೆ ಸೇರ್ಕೋತೀರಾ?” ಎಂದಳು. ತಿರುಗಿ ನೋಡಿದರೆ ಹಿಂದೆ ಕಾರಿಲ್ಲ.

ಸೈಕಲ್ ತಿರುಗಿಸಿ ತುಳಿದೆ. ಸೇತುವೆಯ ನಟ್ಟನಡುವೆ ಕಾರು ನಿಂತಿತ್ತು. ಎರಡೂ ಕಡೆ ಹತ್ತಾರು ಗಾಡಿಗಳು ನಿಂತಿದ್ದವು, ಒಂದೂ ಹಾರ್ನ್ ಇಲ್ಲ. ಹೂವಿನವಳು ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಬಂದಿದ್ದಳು. ಕಾಫಿಪುಡಿಯವರು ಪಂಚೆ ಎತ್ತಿಕಟ್ಟಿದ್ದರು. ಎಲ್ಲರೂ ಕಾರಿಗೆ ಕೈ ಕೊಟ್ಟು, ಮುಖವನ್ನು ಕಾಲುವೆಯ ಕಡೆ ತಿರುಗಿಸಿಕೊಂಡು ನಿಂತಿದ್ದರು. ತಳ್ಳುವಾಗ ಸ್ಟೀರಿಂಗ್ ಹಿಡಿಯಲು ಯಾರಾದರೂ ಬೇಕಲ್ಲ. ಷಡಕ್ಷರಯ್ಯನವರು ಇಳಿದು ಸುತ್ತಿಬಂದು ಎಡಗಡೆ ಕೂರುತ್ತಿದ್ದರು. ಚಂಪಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಜಾಗಕ್ಕೆ ಸರಿಯುತ್ತಿದ್ದರು. ನಾನೂ ಕಿಟಕಿಯ ಪಕ್ಕದಲ್ಲಿ ಕೈ ಕೊಟ್ಟು ಕಾಲುವೆಯನ್ನು ನೋಡಿದೆ. ನಿಯಮ ಇರುವುದು ಕಣ್ಣಿಗೆ. ಕಿವಿಗೆ ಯಾರೂ ನಿಯಮ ಮಾಡಿಲ್ಲ.

“ಬ್ಯಾಟರೀಲಿ ತುಂಬಿದ್ದು ಅಷ್ಟೂ ನಂದೇ ಅಂತ ತಿಳ್ಕೊಂಡಿದ್ದೆ,” ಷಡಕ್ಷರಯ್ಯನವರ ದನಿ ಒದ್ದೆಯಾಗಿತ್ತು.

“ಅದರಲ್ಲಿ ಅರ್ಧ ನಂದು ರೀ. ಹೋದ ವರ್ಷ ಗೌರಿ ಹಬ್ಬದಲ್ಲಿ ಎಲೆಯ ಬಲಗಡೆ ಒಬ್ಬಟ್ಟು ಬಡಿಸಿದ್ದೆ. ನೀವು ಊಟ ಮುಗಿಸಿ, ‘ಈ ಸಲ ಒಬ್ಬಟ್ಟು ಮಾಡಲಿಲ್ವಾ’ ಅಂದ್ರಿ. ಅವತ್ತೇ ಗೊತ್ತಾಯ್ತು. ಅವತ್ತಿಂದ ಎಲ್ಲಾನೂ ಎಲೆಯ ನಡುವೆ ಬಡಿಸ್ತಾ ಇದೀನಿ.”

“ಹಜಾರದ ಮೇಜು ಒಳಗಿಟ್ಟಿದ್ದು? ವಾಸ್ತು ಅಂದೆಯಲ್ಲ.”

“ಯಾವ ವಾಸ್ತು. ನಿಮ್ಮ ಮೊಣಕಾಲು.”

ಕಾರು ನಿಧಾನವಾಗಿ ಸೇತುವೆ ಇಳಿಯತೊಡಗಿತು. ಇಳಿಜಾರಿನಲ್ಲಿ ತಳ್ಳುವುದಕ್ಕಿಂತ ಹಿಡಿಯುವುದೇ ಹೆಚ್ಚಾಯಿತು.

“ಹಾಗಾದ್ರೆ ದಾರಿಯುದ್ದಕ್ಕೂ, ಬಲಗಡೆ ಎಮ್ಮೆ ನೋಡಿ ಎಷ್ಟು ಲಕ್ಷಣವಾಗಿದೆ, ಎಡಗಡೆ ಆ ಸೈಕಲ್ ಬಣ್ಣ ನೋಡಿ ಅಂತಿದ್ದೆಯಲ್ಲ...”

“ಮತ್ತಿನ್ನೇನು. ಎಮ್ಮೆ ಮೇಲೆ ನನಗೇನು ಅಷ್ಟು ಪ್ರೀತಿ.”

ಷಡಕ್ಷರಯ್ಯನವರು, “ಬಾಯಿಬಿಟ್ಟು ಕೇಳಬಹುದಿತ್ತಲ್ಲ ಚಂಪಕಾ” ಎಂದರು.

“ಕೇಳಿದ್ರೆ ನೀವು ಓಡಿಸೋದು ಬಿಡ್ತಿದ್ರಿ. ತಪ್ಪು ಅಂತ ಗೊತ್ತಿತ್ತು, ಮಕ್ಕಳಿರೋ ದಾರಿ. ದಿನಾ ನಾಳೆ ಕೇಳ್ತೀನಿ ಅನ್ಕೋತಿದ್ದೆ. ನನಗೂ ಆ ಹನ್ನೆರಡು ನಿಮಿಷ ಬೇಕಾಗಿತ್ತು.”

ಹೂವಿನವಳು ಮೂಗೊರೆಸಿಕೊಂಡಳು. ಧೂಳು ಎಂದು ಯಾರೂ ಕೇಳದೆಯೇ ನನಗೆ ಹೇಳಿದಳು.

ಬಂಕಿನವರೆಗೆ ಕಾರು ನೇರವಾಗಿಯೇನೂ ಹೋಗಲಿಲ್ಲ. ಹುಟ್ಟಿದಾಗಿನಿಂದ ಸ್ಟೀರಿಂಗ್ ಮುಟ್ಟದ ಚಂಪಕಮ್ಮ ರಸ್ತೆಯ ಎರಡೂ ಬದಿಯನ್ನು ಸಮನಾಗಿ ಮಾತಾಡಿಸಿಕೊಂಡು ಹೋದರು. ಎರಡು ಸಲ ಚರಂಡಿ, ಒಂದು ಸಲ ಪಂಚಾಯಿತಿ ಕಟ್ಟೆ ಹತ್ತಿರಕ್ಕೆ ಬಂದು ದೂರ ಹೋದವು. ಷಡಕ್ಷರಯ್ಯನವರು ಮಡಿಲಲ್ಲಿ ಕೈ ಕಟ್ಟಿಕೊಂಡು, ಎದುರಿಗೆ ನೋಡುತ್ತಾ, ಒಂದು ಮಾತೂ ಆಡದೆ ಕೂತಿದ್ದರು. ಚಿಕ್ಕೀರಯ್ಯ ಎರಡು ವರ್ಷ ಕಾಣದ ನೆಂಟರನ್ನು ಕಂಡವನ ಹಾಗೆ ಓಡಿಬಂದು, ಮುಖ ತಿರುಗಿಸಿಕೊಂಡೇ ಪೈಪು ಹಾಕಿದ. ತಳ್ಳಿದವರೆಲ್ಲ ಕೈ ಕೊಡವಿಕೊಂಡು ತಮ್ಮ ತಮ್ಮ ಬುಟ್ಟಿ, ಕೈಚೀಲ ಹುಡುಕುತ್ತಾ ವಾಪಸು ಹೊರಟರು.

ನಾನು ಕಿಟಕಿಗೆ ಬಗ್ಗಿದೆ. ಚಂಪಕಮ್ಮ ಅಂಗೈಯಷ್ಟು ಜಾಗದಲ್ಲಿ ಗುಂಪುಗೂಡಿದ್ದ ಮೀಟರುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು, ಹಾಜರಿ ತೆಗೆದುಕೊಳ್ಳುವವರ ಹಾಗೆ.

“ಸೋಮಲಿಂಗ, ನಾನು ಕುಳ್ಳಿ. ಇವನ್ನೆಲ್ಲ ನಾಲ್ಕು ಬೆರಳು ಕೆಳಗಿಳಿಸು. ಅಗಲವಾಗಿ ಕೂರಿಸು, ಪಾಪ, ಉಸಿರಾಡಲಿ. ಒಂದು ತಿಂಗಳಲ್ಲಿ ಕಲೀತೀನಿ. ಅಲ್ಲೀತನಕ ಇಬ್ಬರೂ ಬಸ್ಸಲ್ಲಿ ಹೋಗ್ತೀವಿ.”

“ಆಗಲಿ ಅಮ್ಮ. ಆ ಬ್ಯಾಟರಿ ಮೀಟರು? ಮತ್ತೆ ಬಲಮೂಲೆಗೆ ತಗೊಳ್ಳಲಾ?”

“ಅದು ಅಲ್ಲೇ ಇರಲಿ, ಅವರ ಎದುರಿಗೆ. ನೇರ ಇದ್ರೆ ಅವರಿಗೆ ಕಾಣ್ತದೆ.”

ಷಡಕ್ಷರಯ್ಯನವರು ಮುಂದಕ್ಕೆ ಬಗ್ಗಿ, ಎದುರಿಗಿದ್ದ ಮೀಟರನ್ನು ಹಳೆಯ ಹೊಲವನ್ನು ನೋಡುವ ಹಾಗೆ ಕಣ್ಣು ಕಿರಿದು ಮಾಡಿ ಅಳೆದರು. ಮುಳ್ಳು ತಳದಲ್ಲಿ ಸೊನ್ನೆಯ ಮೇಲೆ ಮಲಗಿರಬೇಕಿತ್ತು. ಅದು ಸೊನ್ನೆಯನ್ನು ಬಿಟ್ಟು ಒಂದು ಕೂದಲೆಳೆಯಷ್ಟು ಮೇಲೆ ಎದ್ದು ನಿಂತಿತ್ತು.

ಚಂಪಕಮ್ಮನೂ ನೋಡಿದರು. “ಇಷ್ಟು ಬೇಗ ಏನ್ರೀ ನುಂಗಿದ್ದು?”

“ಏನಿಲ್ಲ,” ಎಂದರು ಷಡಕ್ಷರಯ್ಯನವರು. “ಸೇತುವೆಯಿಂದ ಇಲ್ಲೀತನಕ ನೀನು ಓಡಿಸಿದ ಚಂದ.”